ಆಪ್ಷನಲ್ ಅಂತ ಬರೆದವರು ಯಾರು?

ನಾನು ಮಾಡೋ ಕೆಲಸದಲ್ಲಿ ಫಾರ್ಮ್‌ಗಳು ಜಾಸ್ತಿ. ಹೆಸರು, ಫೋನ್ ನಂಬರ್, ವಿಳಾಸ, ಹುಟ್ಟಿದ ದಿನ. ತುಂಬಲೇಬೇಕಾದ ಜಾಗದ ಪಕ್ಕ ಒಂದು ಕೆಂಪು ನಕ್ಷತ್ರ ಇಡ್ತೀವಿ. ಬಿಟ್ಟರೂ ನಡೆಯುತ್ತೆ ಅನ್ನೋ ಕಡೆ ಆಪ್ಷನಲ್ ಅಂತ ಬರೀತೀವಿ. ಇಷ್ಟು ವರ್ಷದ ಅನುಭವದ ಮೇಲೆ ಒಂದು ಮಾತು ಹೇಳಬಲ್ಲೆ. ಆಪ್ಷನಲ್ ಅಂತ ಬರೆದ ಜಾಗವನ್ನು ಯಾರೂ ತುಂಬಲ್ಲ. ತುಂಬಲಿ ಅಂತ ಅದನ್ನು ಬರೆದವರಿಗೂ ಆಸೆ ಇರಲ್ಲ.

ಆರು ವರ್ಷದ ಹಿಂದೆ ಬೆಂಗಳೂರಿನ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ನನ್ನ ಕೈಗೂ ಅಂಥದ್ದೊಂದು ಫಾರ್ಮ್ ಬಂತು. ಮಗಳು ಹುಟ್ಟಿ ಎರಡನೇ ದಿನ. ಮಗುವಿನ ಫೋಟೋ ಆಲ್ಬಂ, ಹೊಕ್ಕುಳಬಳ್ಳಿ ರಕ್ತ ಕಾದಿಡೋ ಸ್ಕೀಮು, ಅದೂ ಇದೂ ಅಂತ ಪಟ್ಟಿ ಇತ್ತು. ಅದರ ನಡುವೆ ಒಂದು ಸಾಲು: ನವಜಾತ ಶಿಶು ರಕ್ತ ತಪಾಸಣೆ, ಆಪ್ಷನಲ್. ಮುಂದೆ ಕೆಲವು ಸಾವಿರದ ರೇಟು. ನಾನು ಹಳ್ಳಿಯಿಂದ ಬಂದವನು. ಆಸ್ಪತ್ರೆ ಬಿಲ್ಲು ಅಂದ ಕೂಡಲೇ 'ಸುಲಿಗೆ' ಅಂತ ಮೊದಲು ಮನಸ್ಸಿಗೆ ಬರುತ್ತೆ. ಇಡೀ ಪಟ್ಟಿಗೆ ಉದ್ದಕ್ಕೂ ಗೀಟು ಎಳೆಯೋಕೆ ಪೆನ್ನು ಎತ್ತಿದ್ದೆ. ಡ್ಯೂಟಿಯಲ್ಲಿದ್ದ ವಯಸ್ಸಾದ ಸಿಸ್ಟರ್ ಒಬ್ಬರು, "ಉಳಿದಿದ್ದೆಲ್ಲ ಬಿಡಿ ಸಾರ್, ಇದೊಂದು ಮಾಡಿಸಿ" ಅಂದರು. ಯಾಕೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರ ಮುಖ ನೋಡಿ ಟಿಕ್ ಹಾಕಿದೆ, ಅಷ್ಟೇ. ಮಗುವಿನ ಹಿಮ್ಮಡಿ ಚುಚ್ಚಿ ನಾಲ್ಕೈದು ಹನಿ ರಕ್ತವನ್ನು ಒಂದು ದಪ್ಪ ಕಾಗದದ ಮೇಲೆ ಇಳಿಸಿಕೊಂಡರು.

ಐದನೇ ದಿನ ಫೋನ್ ಬಂತು. ಮಗೂನ ಕರ್ಕೊಂಡು ಬನ್ನಿ, ಇನ್ನೊಂದು ಸಲ ರಕ್ತ ತೆಗೀಬೇಕು ಅಂದರು. ಒಂಬತ್ತನೇ ದಿನ ಮಕ್ಕಳ ಹಾರ್ಮೋನ್ ತಜ್ಞರ ಮುಂದೆ ಕೂತಿದ್ವಿ. ಅವರು ಸ್ಕ್ಯಾನ್ ತೋರಿಸಿ ಹೇಳಿದ್ದಿಷ್ಟು. ಈ ಮಗುವಿನ ಕುತ್ತಿಗೆಯಲ್ಲಿ ಥೈರಾಯ್ಡ್ ಗ್ರಂಥಿ ಇಲ್ಲ. ಹುಟ್ಟುವಾಗಲೇ ಇಲ್ಲ. ಇದರ ಹೆಸರು ಜನ್ಮಜಾತ ಹೈಪೋಥೈರಾಯ್ಡಿಸಂ. ಮೊದಲ ಎರಡು ಮೂರು ವರ್ಷ ಮಿದುಳು ಬೆಳೆಯೋಕೆ ಈ ಹಾರ್ಮೋನ್ ಬೇಕೇ ಬೇಕು. ಎರಡು ವಾರದೊಳಗೆ ಮಾತ್ರೆ ಶುರುವಾದರೆ ಮಗು ಎಲ್ಲರ ಹಾಗೆ ಬೆಳೆಯುತ್ತೆ. ತಿಂಗಳುಗಟ್ಟಲೆ ತಡವಾದರೆ ಹೋದ ಬುದ್ಧಿ ವಾಪಸ್ ಬರಲ್ಲ. ನೀವು ಸರಿಯಾದ ಸಮಯಕ್ಕೆ ಬಂದಿದ್ದೀರಿ, ಮನೆಗೆ ಹೋಗಿ ಮಾತ್ರೆ ಕೊಡಿ.

ಅಷ್ಟೇ. ಆಪರೇಷನ್ ಇಲ್ಲ, ಐಸಿಯು ಇಲ್ಲ. ಮಗುವಿನ ತೂಕದ ಪ್ರತಿ ಕೆಜಿಗೆ 10ರಿಂದ 15 ಮೈಕ್ರೋಗ್ರಾಂ ಲೆಕ್ಕದಲ್ಲಿ ದಿನಕ್ಕೊಂದು ಸಲ ಲೀವೋಥೈರಾಕ್ಸಿನ್. ನಮ್ಮ ಮಗಳಿಗೆ ಆಗ 25ರ ಮಾತ್ರೆ ಒಂದೂವರೆ. ಎರಡು ಚಮಚದ ನಡುವೆ ಇಟ್ಟು ಪುಡಿ ಮಾಡಿ, ನಾಲ್ಕು ಹನಿ ತಾಯಿಹಾಲಲ್ಲಿ ಕಲಸಿ, ಹೆಂಡತಿ ಬೆಳಿಗ್ಗೆ ಆರಕ್ಕೆ ಮಗುವಿನ ಕೆನ್ನೆಯೊಳಗೆ ಬಿಡ್ತಿದ್ದಳು. ಕಬ್ಬಿಣದ ಡ್ರಾಪ್ಸ್, ಕ್ಯಾಲ್ಸಿಯಂ ಕೊಡೋದಿದ್ದರೆ ನಾಲ್ಕು ಗಂಟೆ ಅಂತರ ಇರಬೇಕು, ಇಲ್ಲದಿದ್ದರೆ ಅವು ಮಾತ್ರೆಯನ್ನು ಮೈಗೆ ಹತ್ತೋಕೆ ಬಿಡಲ್ಲ. ಮೊದಲು ಎರಡು ವಾರಕ್ಕೊಮ್ಮೆ ರಕ್ತ ಪರೀಕ್ಷೆ, ಆಮೇಲೆ ತಿಂಗಳಿಗೆ, ಈಗ ನಾಲ್ಕು ತಿಂಗಳಿಗೊಮ್ಮೆ. ಮಗು ಬೆಳೆದ ಹಾಗೆ ಡೋಸ್ ಬದಲಾಗುತ್ತೆ. ಈ ಮಾತ್ರೆಗೆ ನಮ್ಮ ಮನೆಯಲ್ಲಿ ದಿನಕ್ಕೆ ಖರ್ಚಾಗೋದು ಒಂದು ಟೀಗಿಂತ ಕಮ್ಮಿ. ಮಗಳು ಈಗ ಒಂದನೇ ಕ್ಲಾಸು. ಮಗ್ಗಿ ಹೇಳ್ತಾಳೆ, ಅಪ್ಪನ ತಲೆ ತಿಂತಾಳೆ, ಸುಳ್ಳು ಹೇಳಿದರೆ ಕಂಡುಹಿಡೀತಾಳೆ.

ಇಷ್ಟೇ ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ದೇವರು ದೊಡ್ಡವನು ಅಂತ ಸುಮ್ಮನಾಗ್ತಿದ್ದೆ. ಆದರೆ ಡಾಕ್ಟರ ಮೇಜಿನ ಮೇಲೆ ಒಂದು ಪುಸ್ತಕ ಇತ್ತು. ಚಿಕಿತ್ಸೆ ಸಿಗದಿದ್ದರೆ ಏನಾಗುತ್ತೆ ಅಂತ ತೋರಿಸೋಕೆ ಅವರು ಅದರಲ್ಲಿದ್ದ ಒಂದು ಹಳೇ ಫೋಟೋ ತೆಗೆದರು. ಗಿಡ್ಡ ಮೈ, ಊದಿದ ಮುಖ, ಕೂತ ಮೂಗು, ಬಾಯಿಂದ ಸ್ವಲ್ಪ ಹೊರಗೆ ಬಂದ ದಪ್ಪ ನಾಲಿಗೆ. ನನ್ನ ಕೈ ತಣ್ಣಗಾಯಿತು. ಆ ಮುಖ ನನಗೆ ಗೊತ್ತಿತ್ತು. ಅದು ನಮ್ಮ ದೊಡ್ಡಪ್ಪನ ಮಗನ ಮುಖದ ಹಾಗೇ ಇತ್ತು.

ತಿಪಟೂರಿನ ಹತ್ತಿರದ ನಮ್ಮೂರಲ್ಲಿ ನಾವಿಬ್ಬರೂ ಒಂದೇ ವರ್ಷ ಹುಟ್ಟಿದವರು. ಅವನು ನನಗಿಂತ ಮೂರು ತಿಂಗಳು ದೊಡ್ಡವನು. ಅವನು ಹುಟ್ಟಿದಾಗಿನ ಕತೆ ನಮ್ಮಜ್ಜಿ ಎಷ್ಟೋ ಸಲ ಹೇಳಿದ್ದಳು. "ಏನ್ ಸಾಧು ಮಗ ಅಂತೀಯ, ಒಂದ್ ಕಿತ ಅತ್ತಿದ್ ಕೇಳ್ಲಿಲ್ಲ. ಹಾಲು ಕುಡಿಯಾಕೂ ಎಬ್ಬುಸ್ಬೇಕು. ಎಷ್ಟೊತ್ತು ನೋಡು, ನಿದ್ದೆ." ಊರೆಲ್ಲ ದೊಡ್ಡಮ್ಮನ ಅದೃಷ್ಟ ಹೊಗಳಿತ್ತಂತೆ. ಕಾಮಾಲೆ ತಿಂಗಳಾದರೂ ಇಳಿಯಲಿಲ್ಲ, ನಾಟಿ ಔಷಧಿ ಕೊಟ್ಟರು. ವಾರಕ್ಕೊಂದು ಸಲ ಹೊಟ್ಟೆ ಹೋಗೋದು, ಗುಡ್ಡೆ ಹೊಕ್ಕಳು, ಅಳುವಾಗ ಒಡಕು ದನಿ. ಇವತ್ತು ಪುಸ್ತಕ ಓದಿದ ಮೇಲೆ ನನಗೆ ಗೊತ್ತು, ಆ ಮಗುವಿನ ಮೈಯೇ ಕೂಗಿ ಕೂಗಿ ಹೇಳ್ತಿತ್ತು. ಕೇಳಿಸಿಕೊಳ್ಳೋರು ಸುತ್ತ ಹತ್ತೂರಲ್ಲಿ ಇರಲಿಲ್ಲ.

ಅವನು ನಡೆದದ್ದು ನಾಲ್ಕು ವರ್ಷಕ್ಕೆ. ನನ್ನ ಜೊತೆಯೇ ಸ್ಕೂಲಿಗೆ ಸೇರಿಸಿದರು. ನಾನು ಎರಡನೇ ಕ್ಲಾಸಿಗೆ ಹೋದೆ, ಅವನು ಒಂದರಲ್ಲಿ ಉಳಿದ. ನಾನು ಮೂರಕ್ಕೆ ಹೋದಾಗ ಮೇಷ್ಟ್ರು ಅವನನ್ನು ದನ ಕಾಯೋಕೆ ಕಳಿಸಿ ಅಂದರು. ಊರಲ್ಲಿ ಅವನನ್ನು ಮಂಕ ಅಂತ ಕರೀತಾರೆ. ಚಿಕ್ಕವನಿದ್ದಾಗ ನಾನೂ ಕರೆದಿದ್ದೀನಿ. ನಾನು ಬಿ.ಇ. ಮಾಡಿ ಬೆಂಗಳೂರಿಗೆ ಬಂದಾಗ ಊರವರು, "ಒಂದೇ ಮನೇಲಿ ಹುಟ್ಟಿದೋರು ನೋಡು, ಒಬ್ಬ ಎಂಜಿನಿಯರು, ಒಬ್ಬ ಹಿಂಗೆ, ಎಲ್ಲಾ ಹಣೆಬರ" ಅಂದರು. ನಾನೂ ಹಾಗೇ ನಂಬಿದ್ದೆ.

ಮಗಳಿಗೆ ಮಾತ್ರೆ ಶುರುವಾದ ಎರಡನೇ ತಿಂಗಳು ಅವನನ್ನು ಕಾರಲ್ಲಿ ಕೂರಿಸಿಕೊಂಡು ಬಂದು ರಕ್ತ ಪರೀಕ್ಷೆ ಮಾಡಿಸಿದೆ. ಟಿಎಸ್‌ಎಚ್ ಅನ್ನೋ ಅಂಕಿ ನಮ್ಮಂಥವರಿಗೆ ನಾಲ್ಕೈದರ ಒಳಗಿರಬೇಕು. ಅವನದು ನೂರು ದಾಟಿತ್ತು. ಸ್ಕ್ಯಾನಲ್ಲಿ ಕುತ್ತಿಗೆ ಖಾಲಿ. ನಾಲಿಗೆ ಬುಡದಲ್ಲಿ ಗ್ರಂಥಿಯ ಒಂದು ಸಣ್ಣ ಚೂರು. ಆ ಚೂರು ಕೊಟ್ಟ ಚೂರುಪಾರು ಹಾರ್ಮೋನಿನಲ್ಲಿ ಮೂವತ್ತು ವರ್ಷ ಉಸಿರಾಡಿದ್ದ. ಮಾತ್ರೆ ಶುರು ಮಾಡಿದ ಮೇಲೆ ಆರು ತಿಂಗಳಲ್ಲಿ ಮೈ ಬೆಚ್ಚಗಾಯಿತು, ಹೊಟ್ಟೆ ಸರಿಹೋಯಿತು, ಮುಖದ ಊತ ಇಳಿಯಿತು. ಈಗ ತೋಟಕ್ಕೆ ಹೋಗಿ ಬಿದ್ದ ಕಾಯಿ ಆಯ್ಕೊಂಡು ಬರ್ತಾನೆ. ಆದರೆ ಹತ್ತರ ಮೇಲೆ ಎಣಿಸೋಕೆ ಇವತ್ತಿಗೂ ಬರಲ್ಲ. ಇನ್ನು ಬರೋದೂ ಇಲ್ಲ.

ಅದು ಹಣೆಬರ ಅಲ್ಲ. ನಾಲ್ಕು ಹನಿ ರಕ್ತ, ಮತ್ತು ಒಂದು ಮಾತ್ರೆ.

ಅವನು ಹುಟ್ಟಿದಾಗ ಇದೆಲ್ಲ ಗೊತ್ತಿರಲಿಲ್ಲ ಬಿಡಿ ಅನ್ನಬೇಡಿ. ಗೊತ್ತಿತ್ತು. ಅಮೆರಿಕದ ಎಡ್ವರ್ಡ್ ಕೆಂಡಲ್ ಥೈರಾಕ್ಸಿನ್ ಬೇರ್ಪಡಿಸಿದ್ದು 1914ರಲ್ಲಿ. ಹಿಮ್ಮಡಿ ರಕ್ತವನ್ನು ಕಾಗದದ ಮೇಲೆ ಒಣಗಿಸಿ ಪರೀಕ್ಷೆ ಮಾಡೋ ದಾರಿಯನ್ನು ರಾಬರ್ಟ್ ಗಥ್ರಿ ಬೇರೊಂದು ಕಾಯಿಲೆಗೆ ತೋರಿಸಿಕೊಟ್ಟಿದ್ದು 1960ರ ದಶಕದ ಆರಂಭದಲ್ಲಿ. ಅದೇ ಕಾಗದದಲ್ಲಿ ಥೈರಾಯ್ಡ್ ಕೊರತೆ ಪತ್ತೆ ಮಾಡಬಹುದು ಅಂತ ಕೆನಡಾದ ಕ್ವಿಬೆಕ್‌ನಲ್ಲಿ ಜಾನ್ ಡುಸೊ 1970ರ ದಶಕದಲ್ಲಿ ಮಾಡಿ ತೋರಿಸಿದರು. ನಾನೂ ನನ್ನ ಅಣ್ಣನೂ ಹುಟ್ಟೋ ಹೊತ್ತಿಗೆ ಹಲವು ದೇಶಗಳಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಇದು ಮಾಮೂಲಿ ಪರೀಕ್ಷೆ. ಅಲ್ಲಿ ಅಪ್ಪ ಅಮ್ಮನ ಕೈಗೆ ರೇಟು ಬರೆದ ಫಾರ್ಮ್ ಕೊಟ್ಟು, ನಿಮ್ಮ ಮಗುವಿಗೆ ಬುದ್ಧಿ ಬೇಕಾ, ಬೇಡವಾ, ಟಿಕ್ ಹಾಕಿ ಅನ್ನಲ್ಲ.

ನಮ್ಮಲ್ಲಿ? ಕೇಂದ್ರ ಸರ್ಕಾರ 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರು ಮಾಡಿತು. ಹುಟ್ಟಿದಾಗಿನಿಂದ 18 ವರ್ಷದವರೆಗೆ ಮಕ್ಕಳಲ್ಲಿ ಹುಡುಕಬೇಕಾದ 30 ತೊಂದರೆಗಳ ಪಟ್ಟಿ ಮಾಡಿದರು. ಒಳ್ಳೇ ಕಾರ್ಯಕ್ರಮ, ಅದರಿಂದ ಎಷ್ಟೋ ಮಕ್ಕಳ ಸೀಳುತುಟಿ, ಹೃದಯದ ತೂತು ಸರಿಹೋಗಿದೆ. ಆ ಪಟ್ಟಿಯ ಕಟ್ಟಕಡೆಗೆ ಜನ್ಮಜಾತ ಹೈಪೋಥೈರಾಯ್ಡಿಸಂ ಇದೆ. ಪಕ್ಕದಲ್ಲಿ ಕಂಸದೊಳಗೆ ಒಂದು ಪದ: ಆಪ್ಷನಲ್. ಖಾಸಗಿ ಆಸ್ಪತ್ರೆಯ ಫಾರ್ಮಿನಲ್ಲಿ ಯಾವ ಪದ ಇತ್ತೋ ಅದೇ ಪದ. ಫಾರ್ಮ್ ಮಾಡೋ ಕೆಲಸದವನಾಗಿ ಆ ಪದದ ಅರ್ಥ ಏನು ಅಂತ ಮೊದಲೇ ಹೇಳಿದೀನಿ.

ಇದರ ಬಗ್ಗೆ ಮಾತಾಡಿದಾಗೆಲ್ಲ ನನಗೆ ಸಿಗೋ ಉತ್ತರಗಳು ನಾಲ್ಕು. ಒಂದೊಂದಾಗಿ ನೋಡೋಣ.

ಮೊದಲನೇದು, ಇದು ಅಪರೂಪದ ಕಾಯಿಲೆ. ಅಲ್ಲ ಸ್ವಾಮಿ. ಭಾರತದಲ್ಲಿ ಇದು ಹೆಚ್ಚುಕಮ್ಮಿ ಸಾವಿರ ಹೆರಿಗೆಗೆ ಒಂದು ಮಗು. ಕರ್ನಾಟಕದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಮಕ್ಕಳು ಹುಟ್ಟುತ್ತಾರೆ. ಭಾಗಿಸಿ ನೋಡಿ. ಇವತ್ತು ನೀವು ಕಾಫಿ ಕುಡಿದು ಊಟ ಮಾಡಿ ಮಲಗೋಷ್ಟರಲ್ಲಿ ರಾಜ್ಯದಲ್ಲಿ ಇಂಥ ಇಬ್ಬರು ಮೂವರು ಮಕ್ಕಳು ಹುಟ್ಟಿರ್ತಾರೆ. ನೋಡೋಕೆ ಎಲ್ಲ ಮಕ್ಕಳ ಹಾಗೇ ಇರ್ತಾರೆ, ಹೆಚ್ಚಿನವರಲ್ಲಿ ಮೊದಲ ವಾರ ಏನೂ ಕಾಣಲ್ಲ. ಕಾಣಿಸೋವಾಗ ತಡವಾಗಿರುತ್ತೆ. ಅದಕ್ಕೇ ರಕ್ತವನ್ನು ಕೇಳಬೇಕು, ಮುಖವನ್ನಲ್ಲ.

ಎರಡನೇದು, ದುಡ್ಡಿಲ್ಲ. ಖಾಸಗಿಯವರು ಹತ್ತಾರು ಅಪರೂಪದ ಕಾಯಿಲೆ ಸೇರಿಸಿ ಸಾವಿರಗಟ್ಟಲೆಯ ಪ್ಯಾಕೇಜ್ ಮಾಡ್ತಾರೆ. ಸರ್ಕಾರ ಅದೆಲ್ಲ ಮಾಡೋದು ಬೇಡ. ಟಿಎಸ್‌ಎಚ್ ಒಂದನ್ನು ನೋಡಲಿ ಸಾಕು. ಒಂದು ಮಗುವಿಗೆ ಇನ್ನೂರು ರೂಪಾಯಿ ಅಂತಲೇ ಇಟ್ಟುಕೊಂಡರೂ 10 ಲಕ್ಷ ಮಕ್ಕಳಿಗೆ 20 ಕೋಟಿ. ಎರಡು ಲಕ್ಷ ಕೋಟಿ ದಾಟಿದ ಬಜೆಟ್ ಮಂಡಿಸೋ ರಾಜ್ಯ ನಮ್ಮದು. 20 ಕೋಟಿ ಇಲ್ಲ ಅಂದರೆ ಅದು ದುಡ್ಡಿನ ಬಡತನ ಅಲ್ಲ. ಇನ್ನೊಂದು ಕಡೆ, ನಮ್ಮ ದೊಡ್ಡಪ್ಪ ದೊಡ್ಡಮ್ಮ ಮೂವತ್ತು ವರ್ಷ ಅವನನ್ನು ನೋಡಿಕೊಂಡಿದ್ದಕ್ಕೆ ಯಾರು ಬಿಲ್ ಮಾಡಿದ್ದಾರೆ? ಒಂದು ಮದುವೆಗೆ, ಒಂದು ಜಾತ್ರೆಗೆ ಇಬ್ಬರೂ ಒಟ್ಟಿಗೆ ಹೋದವರಲ್ಲ. ಆ ಖರ್ಚು ಯಾವ ಬಜೆಟ್ಟಿನಲ್ಲೂ ಬರಲ್ಲ. ಅದಕ್ಕೇ ಅದು ಖರ್ಚು ಅಂತ ಸರ್ಕಾರಕ್ಕೆ ಅನಿಸಲ್ಲ.

ಮೂರನೇದು, ಮಾಡೋಕೆ ಜನ ಇಲ್ಲ, ವ್ಯವಸ್ಥೆ ಇಲ್ಲ. ಇದಂತೂ ನಗು ಬರಿಸುತ್ತೆ. ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತೆ ಅಂತ ಸರ್ಕಾರದ ಸಮೀಕ್ಷೆಯೇ ಹೇಳುತ್ತೆ. ಹುಟ್ಟಿದ ಮಗುವಿಗೆ ಅಲ್ಲೇ ಬಿಸಿಜಿ, ಹೆಪಟೈಟಿಸ್-ಬಿ ಸೂಜಿ, ಪೋಲಿಯೊ ಹನಿ ಹಾಕ್ತಾರೆ. ಆ ಕೆಲಸ ಮಾಡೋ ಸಿಸ್ಟರ್ ಕೈಗೆ ಇನ್ನೊಂದು ಸೂಜಿ, ಒಂದು ಕಾಗದ ಕೊಡಿ. ಹುಟ್ಟಿದ ಮೊದಲ ದಿನ ಟಿಎಸ್‌ಎಚ್ ತಾನಾಗೇ ಏರಿರುತ್ತೆ, ತಪ್ಪು ರಿಪೋರ್ಟ್ ಬರುತ್ತೆ, ತಾಯಂದಿರು ಬೇಗ ಡಿಸ್ಚಾರ್ಜ್ ಆಗಿಬಿಡ್ತಾರೆ ಅಂತ ಡಾಕ್ಟರೊಬ್ಬರು ನನಗೆ ಹೇಳಿದರು. ನಿಜ. ಅದಕ್ಕೆ ಹೊಕ್ಕುಳಬಳ್ಳಿಯ ರಕ್ತದಲ್ಲೇ ಪರೀಕ್ಷೆ ಮಾಡೋ ದಾರಿ ಇದೆ. ಅದೂ ಬೇಡ ಅಂದರೆ, ಹೆರಿಗೆಯಾದ ಮೂರನೇ ದಿನ, ಏಳನೇ ದಿನ ಬಾಣಂತಿ ಮನೆಗೆ ಹೋಗಬೇಕು ಅಂತ ಆಶಾ ಕಾರ್ಯಕರ್ತೆಯರಿಗೆ ನಿಯಮವೇ ಇದೆ. ಅವರಿಗೆ ತರಬೇತಿ ಕೊಡಿ, ಸರಿಯಾಗಿ ಸಂಬಳವನ್ನೂ ಕೊಡಿ. ಒಣಗಿದ ರಕ್ತದ ಕಾಗದ ಐಸ್ ಪೆಟ್ಟಿಗೆ ಕೇಳಲ್ಲ, ಲಕೋಟೆಯಲ್ಲಿ ಹಾಕಿ ಅಂಚೆಯಲ್ಲಿ ಕಳಿಸಬಹುದು. ಪಕ್ಕದ ಗೋವಾ 2008ರಲ್ಲೇ ನವಜಾತ ಶಿಶು ತಪಾಸಣೆ ಶುರು ಮಾಡಿತು. ಕೇರಳದ ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ಇದು ನಡೀತಿದೆ. ಎಡಕ್ಕೂ ಬಲಕ್ಕೂ ನೆಂಟರು ಮಾಡಿ ತೋರಿಸಿದ ಅಡುಗೆಯನ್ನು ನಮಗೆ ಬರಲ್ಲ ಅನ್ನೋದು ಸೋಮಾರಿತನ.

ನಾಲ್ಕನೇದು, ಉಪ್ಪಲ್ಲಿ ಅಯೋಡಿನ್ ಹಾಕಿದ್ದೀವಲ್ಲ. ಹಾಕಿದ್ದು ದೊಡ್ಡ ಕೆಲಸ. 1962ರಲ್ಲಿ ಶುರುವಾದ ಗಳಗಂಡ ನಿಯಂತ್ರಣ ಕಾರ್ಯಕ್ರಮದಿಂದ ಲಕ್ಷಾಂತರ ಜನಕ್ಕೆ ಒಳ್ಳೇದಾಗಿದೆ. ಆದರೆ ಅಯೋಡಿನ್ ಅನ್ನೋದು ಹಿಟ್ಟು. ಗ್ರಂಥಿ ಅನ್ನೋದು ಗಿರಣಿ. ಗಿರಣಿಯೇ ಇಲ್ಲದ ಮನೆಗೆ ರಾಗಿ ಮೂಟೆ ತಂದು ಹಾಕಿದರೆ ಹಿಟ್ಟಾಗುತ್ತಾ? ಕ್ಷಮಿಸಿ, ಅಯೋಡಿನ್ ಅನ್ನೋದು ರಾಗಿ, ಹಾರ್ಮೋನ್ ಅನ್ನೋದು ಹಿಟ್ಟು. ಸಿಟ್ಟಲ್ಲಿ ಹೋಲಿಕೆಯೂ ತಪ್ಪಿಹೋಗುತ್ತೆ.

ಸರ್ಕಾರಕ್ಕೆ ಬೈದದ್ದಾಯಿತು. ಈಗ ನಮ್ಮ ಸರದಿ.

ಮಗಳ ವಿಷಯ ಊರಲ್ಲಿ ಗೊತ್ತಾದ ದಿನ ಮೊದಲ ಪ್ರಶ್ನೆ ಬಂದದ್ದು ನನ್ನ ಹೆಂಡತಿಗೆ. ಬಸುರಿಲಿ ಗ್ರಹಣ ನೋಡಿದ್ಯಾ? ಲ್ಯಾಪ್‌ಟಾಪ್ ಹೊಟ್ಟೆ ಮೇಲೆ ಇಟ್ಕೊಂಡಿದ್ಯಾ? ನಿಮ್ಮ ಕಡೆ ಯಾರಿಗಾದ್ರೂ ಇತ್ತಾ? ಬಾಣಂತಿ ಹಸಿ ಮೈಯಲ್ಲಿ ಕೂತು ಅಳ್ತಿದ್ದಳು. ನನ್ನನ್ನು ಒಬ್ಬರೂ ಏನೂ ಕೇಳಲಿಲ್ಲ. ನಮ್ಮ ಅಣ್ಣನದು ಗೊತ್ತಾದ ಮೇಲೂ, ಓ ಗಂಡಿನ ಕಡೆಯಿಂದ ಬಂತೇನೋ ಅಂತ ಯಾರೂ ಬಾಯಿ ಬಿಡಲಿಲ್ಲ. ಡಾಕ್ಟರು ಹೇಳಿದ ಪ್ರಕಾರ ಗ್ರಂಥಿ ರೂಪುಗೊಳ್ಳದೇ ಹೋಗೋದು ಬಹುಪಾಲು ಸಲ ಯಾರ ತಪ್ಪೂ ಅಲ್ಲ, ಯಾರ ವಂಶದ್ದೂ ಅಲ್ಲ. ಬಸುರಿಯ ಮೊದಲ ವಾರಗಳಲ್ಲಿ ನಾಲಿಗೆ ಬುಡದಿಂದ ಕುತ್ತಿಗೆಗೆ ಇಳಿಯಬೇಕಾದ ಗ್ರಂಥಿ ಇಳಿಯಲ್ಲ, ಇಲ್ಲಾ ಹುಟ್ಟೋದೇ ಇಲ್ಲ. ಒಂದೇ ಮನೆಯಲ್ಲಿ ಇಬ್ಬರಿಗೆ ಆಗೋದು ಕಮ್ಮಿ, ಆದರೆ ಆಗಲ್ಲ ಅಂತೇನಿಲ್ಲ. ಅದರಲ್ಲಿ ಗ್ರಹಣಕ್ಕೆ ಜಾಗ ಇಲ್ಲ.

ಎರಡನೇ ಸಲಹೆ: ಯಾರಿಗೂ ಹೇಳಬೇಡಿ, ಹೆಣ್ಣು ಮಗು, ಮುಂದೆ ಮದುವೆ ಕಷ್ಟ. ಒಂಬತ್ತು ದಿನದ ಕೂಸಿನ ಮದುವೆ ಚಿಂತೆ ಮಾಡಿದವರು, ಅದರ ಮಿದುಳಿನ ಚಿಂತೆ ಮಾಡಲಿಲ್ಲ. ಈ ಗುಟ್ಟಿನಿಂದಲೇ ಪಕ್ಕದ ಮನೆಯವರಿಗೆ ಈ ಪರೀಕ್ಷೆ ಅಂತ ಒಂದಿದೆ ಅನ್ನೋದು ಗೊತ್ತಾಗಲ್ಲ. ಬಿಪಿ ಮಾತ್ರೆ, ಶುಗರ್ ಮಾತ್ರೆ ಜಗಲಿ ಮೇಲೆ ಕೂತು ಹೋಲಿಸಿ ನೋಡೋ ನಾವು, ಮಗುವಿನ ಮಾತ್ರೆ ಡಬ್ಬಿಯನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಡ್ತೀವಿ.

ಮೂರನೇದು, ಎಲ್ಲಕ್ಕಿಂತ ಅಪಾಯದ್ದು: ಬದುಕಿರೋವರೆಗೂ ಇಂಗ್ಲಿಷ್ ಮಾತ್ರೆನಾ? ಒಬ್ಬರು ಕಷಾಯ ಹೇಳಿದರು, ಒಬ್ಬರು ಯೂಟ್ಯೂಬ್ ವಿಡಿಯೋ ಕಳಿಸಿದರು, ಒಬ್ಬರು ಮೂರು ತಿಂಗಳಲ್ಲಿ ಮಾತ್ರೆ ಬಿಡಿಸ್ತೀನಿ ಅಂದರು. ನಾನು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಕಷಾಯ ಕುತ್ತಿಗೆಯಲ್ಲಿ ಹೊಸ ಗ್ರಂಥಿ ಬೆಳೆಸುತ್ತಾ? ಈ ಮಾತ್ರೆಯಲ್ಲಿರೋದು ನಿಮ್ಮ ಕುತ್ತಿಗೆಯ ಗ್ರಂಥಿ ದಿನಾ ತಯಾರಿಸೋ ಅದೇ ಥೈರಾಕ್ಸಿನ್. ನಿಮಗೆ ಬಿಟ್ಟಿ ಸಿಗುತ್ತೆ, ನನ್ನ ಮಗಳಿಗೆ ಅಂಗಡಿಯಿಂದ ಬರುತ್ತೆ, ಅಷ್ಟೇ ವ್ಯತ್ಯಾಸ. ಬದುಕಿರೋವರೆಗೂ ಅನ್ನ ಉಣ್ಣಬೇಕಾ ಅಂತ ಯಾರಾದರೂ ಗಾಬರಿ ಬೀಳ್ತಾರಾ? ಕೆಲವು ಮಕ್ಕಳಿಗೆ ಈ ಕೊರತೆ ತಾತ್ಕಾಲಿಕ ಇರುತ್ತೆ, ನಿಜ. ಅಂಥವರಿಗೆ ಮೂರು ವರ್ಷ ತುಂಬಿದ ಮೇಲೆ ಮಾತ್ರೆ ನಿಲ್ಲಿಸಿ ರಕ್ತ ಪರೀಕ್ಷೆ ಮಾಡಿ ನೋಡ್ತಾರೆ. ನೋಡೋದು ಡಾಕ್ಟರು. ಚಿಕ್ಕಮಾವ ಅಲ್ಲ, ವಾಟ್ಸಾಪ್ ಗ್ರೂಪ್ ಅಲ್ಲ.

ನಾನು ದೊಡ್ಡ ಹೋರಾಟಗಾರ ಅಲ್ಲ. ಎರಡು ಸಲ ಇಲಾಖೆಗೆ ಪತ್ರ ಬರೆದಿದ್ದೀನಿ, ಸ್ವೀಕೃತಿ ಬಂದಿದೆ, ಉತ್ತರ ಬಂದಿಲ್ಲ. ಓದೋರಿಗೆ ಮಾತ್ರ ಒಂದು ಕೇಳ್ತೀನಿ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ಆಫೀಸಲ್ಲಿ ಯಾರಾದರೂ ಬಸುರಿ ಇದ್ದರೆ ಇವತ್ತೇ ಹೇಳಿ. ಮಗು ಹುಟ್ಟಿದ ಮೂರನೇ ದಿನ ಟಿಎಸ್‌ಎಚ್ ನೋಡಿ ಅಂತ ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಲಿ. ಫಾರ್ಮ್ ಬೇಡ, ಪ್ಯಾಕೇಜ್ ಬೇಡ, ಇದೊಂದು ಸಾಕು. ನಿಮ್ಮ ಶಾಸಕರು ಮಗುವಿನ ನಾಮಕರಣಕ್ಕೆ ಬಂದರೆ ತಾಂಬೂಲದ ಜೊತೆ ಈ ಪ್ರಶ್ನೆಯನ್ನೂ ಕೊಟ್ಟು ಕಳಿಸಿ.

ಈ ಸಲ ದೀಪಾವಳಿಗೆ ಊರಿಗೆ ಹೋಗಿದ್ವಿ. ಬೆಳಿಗ್ಗೆ ಎದ್ದು ಹಜಾರದಲ್ಲಿ ಮಗಳು ಮಾತ್ರೆ ನುಂಗಿದಳು. ಪಕ್ಕದಲ್ಲಿ ಅಣ್ಣ ಕೂತು ತನ್ನ ಮಾತ್ರೆ ನುಂಗಿದ. ಇಬ್ಬರಿಗೂ ಒಂದೇ ಲೋಟದಲ್ಲಿ ನೀರು. ಅವಳು ಕೇಳಿದಳು, "ಅಪ್ಪಾ, ನಂಗೆ ಹುಟ್ಟಿದಾಗ್ಲೇ ಕೊಟ್ರಿ. ದೊಡ್ಡಪ್ಪಂಗೆ ಯಾಕೆ ಯಾರೂ ಕೊಡ್ಲಿಲ್ಲ?"

ಅವನು ನಗ್ತಾ ನನ್ನ ಮುಖ ನೋಡ್ತಿದ್ದ. ನನಗೆ ಉತ್ತರ ಹೇಳೋಕೆ ಆಗಲಿಲ್ಲ. ಪಟ್ಟಿಯಲ್ಲಿ ಆಪ್ಷನಲ್ ಅಂತ ಬರೆದವರು ಬಂದು ಅವಳಿಗೆ ಹೇಳಲಿ.